ಬಾಗಿಲಿದೆ, ಮನೆಯಿಲ್ಲ

ಶನಿವಾರ, ಮಟಮಟ

ನ್ಯೂಜಿಲೆಂಡಿನ ಉತ್ತರ ದ್ವೀಪದಲ್ಲಿ ಮಟಮಟ ಅಂತ ಒಂದು ಸಣ್ಣ ಊರು. ಅದರ ಹತ್ತಿರ ಅಲೆಕ್ಸಾಂಡರ್ ಮನೆತನದವರ 1,250 ಎಕರೆ ಜಮೀನಿದೆ. ಕುರಿ, ದನ ಸಾಕುವವರು. 1998ರಲ್ಲಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಗಳಿಗೆ ಜಾಗ ಹುಡುಕುತ್ತ ನಿರ್ದೇಶಕ ಪೀಟರ್ ಜ್ಯಾಕ್ಸನ್ ತಂಡ ವಿಮಾನದಲ್ಲಿ ಸುತ್ತುವಾಗ ನೀರಿನ ದಡದಲ್ಲಿ ಒಂದು ಭಾರಿ ಪೈನ್ ಮರ ಕಣ್ಣಿಗೆ ಬಿತ್ತು. ಎದುರಿಗೇ ಉಬ್ಬಿದ ಗುಡ್ಡ. ಸುತ್ತ ಕರೆಂಟ್ ಕಂಬವಿಲ್ಲ, ಡಾಂಬರು ರಸ್ತೆಯಿಲ್ಲ. ಹಾಬಿಟ್‌ಗಳೆಂಬ ಮೂರೂವರೆ ಅಡಿಯ ಕಾಲ್ಪನಿಕ ಜನ ಬಿಲ ತೋಡಿಕೊಂಡು ನೆಮ್ಮದಿಯಾಗಿರಲು ಇದಕ್ಕಿಂತ ಒಳ್ಳೆ ಜಾಗ ಬೇಕೆ? ಚಿತ್ರತಂಡದವರು ಬಂದು ಬಾಗಿಲು ತಟ್ಟಿದಾಗ ಜಮೀನಿನ ಯಜಮಾನರು ಟಿವಿಯಲ್ಲಿ ರಗ್ಬಿ ನೋಡುತ್ತ ಕೂತಿದ್ದರಂತೆ.

ನಾವು ಹೊರಟಿದ್ದು ಹ್ಯಾಮಿಲ್ಟನ್‌ನಿಂದ, ಅಕ್ಕನ ಮನೆಯಿಂದ. ಮುಕ್ಕಾಲು ಗಂಟೆಯ ದಾರಿ. ಭಾವ ಕಾರು ಓಡಿಸುತ್ತಿದ್ದರು, ಅಕ್ಕನ ಮಡಿಲಲ್ಲಿ ಚಿತ್ರಾನ್ನದ ಡಬ್ಬಿ. ಅವರ ಮಗಳು ಪುಟ್ಟಿ (ಹೆಸರಿಗಷ್ಟೇ ಪುಟ್ಟಿ, ಯೂನಿವರ್ಸಿಟಿಯಲ್ಲಿ ಎರಡನೇ ವರ್ಷ) ಈ ಚಿತ್ರಗಳನ್ನು ಬಾಯಿಪಾಠ ಮಾಡಿದವಳು. ನನ್ನದು ಬೇರೆ ಹುಚ್ಚು. ಮೈಸೂರಿನಲ್ಲಿ ಹವ್ಯಾಸಿ ನಾಟಕ ತಂಡವೊಂದಕ್ಕೆ ರಂಗಸಜ್ಜಿಕೆ ಮಾಡಿಕೊಂಡು ಬಂದವನು ನಾನು. ಸಿನಿಮಾ ನೋಡುವಾಗಲೂ ರಾಜ ಏನು ಹೇಳಿದ ಅನ್ನುವುದಕ್ಕಿಂತ ಸಿಂಹಾಸನಕ್ಕೆ ಏನು ಬಳಿದಿದ್ದಾರೆ ಅನ್ನುವ ಕಡೆಗೇ ನನ್ನ ಗಮನ.

ಕಾರು ನಿಲ್ಲಿಸಿ ಅವರ ಬಸ್ಸು ಹತ್ತಬೇಕು. ಬಸ್ಸು ಹೋಗುವ ದಾರಿಗೂ ಕಥೆಯಿದೆ. 1999ರ ಮಾರ್ಚ್‌ನಲ್ಲಿ ಸೆಟ್ ಕೆಲಸ ಶುರುವಾದಾಗ ಒಳಗೆ ಲಾರಿ ಹೋಗಲು ಜಾಗವಿರಲಿಲ್ಲ. ಆಗ ಈ ದೇಶದ ಸೇನೆಯೇ ಯಂತ್ರಗಳನ್ನು ತಂದು ಒಂದೂವರೆ ಕಿಲೋಮೀಟರ್ ರಸ್ತೆ ಮಾಡಿಕೊಟ್ಟಿತು. ಒಂದು ಸಿನಿಮಾಕ್ಕೆ ಸೈನ್ಯ ಬಂದು ಮಣ್ಣು ಅಗೆಯುವುದು ನನಗೆ ವಿಚಿತ್ರವಾಗಿ ಕಂಡಿತು. ‘ಇಲ್ಲಿ ಜನ ಕಡಿಮೆ, ಯಾರ ಹತ್ತಿರ ಯಂತ್ರ ಇದೆಯೋ ಅವರೇ ಬರಬೇಕು’ ಎಂದರು ಭಾವ.

ತಿರುವು ದಾಟಿದ ಕೂಡಲೇ ಗುಡ್ಡದ ಮೈಯಲ್ಲಿ ದುಂಡನೆಯ ಬಾಗಿಲುಗಳು. ಹಳದಿ, ನೀಲಿ, ಕೆಂಪು, ಹಸಿರು. ಒಟ್ಟು 44. ಮುಂದೆ ಬೇಲಿ, ಕುಂಬಳದ ಬಳ್ಳಿ, ಹಗ್ಗದ ಮೇಲೆ ಒಣಹಾಕಿದ ಗೇಣುದ್ದದ ಅಂಗಿಗಳು. ಪುಟ್ಟಿ ಒಂದು ಕ್ಷಣ ಮಾತು ನಿಲ್ಲಿಸಿದಳು. ನಾನು ಸೀದಾ ಬೇಲಿಯ ಹತ್ತಿರ ಹೋದೆ. ಹಳೇ ಮರದ ಮೇಲೆ ಹಳದಿ-ಬೂದಿ ಬಣ್ಣದ ಪಾಚಿ, ನಮ್ಮ ಮಲೆನಾಡಿನ ಅಡಿಕೆ ಮರಕ್ಕೆ ಹಿಡಿದಿರುತ್ತದಲ್ಲ, ಹಾಗೆ. ಬೆರಳಿಂದ ಸವರಿದರೆ ಗಟ್ಟಿ. ಗೈಡ್ ಹುಡುಗಿ ನಕ್ಕಳು. ಅಂಟು, ಮರದ ಹೊಟ್ಟು, ಬಣ್ಣ ಕಲೆಸಿ ಮೆತ್ತಿದ್ದಂತೆ. ಆದರೆ ಅದರ ಪಕ್ಕದಲ್ಲೇ, ಒಂದಂಗುಲದಾಚೆ, ನಿಜವಾದ ಪಾಚಿಯೂ ಬೆಳೆಯಲು ಶುರುವಾಗಿತ್ತು. ಎಲ್ಲಿ ಸುಳ್ಳು ಮುಗಿದು ನಿಜ ಶುರುವಾಗುತ್ತದೆ ಎಂದು ಹುಡುಕುತ್ತ ನಾನು ನಿಂತೇಬಿಟ್ಟೆ. ಅಕ್ಕ ಬಂದು ‘ಬೇಲಿ ನೋಡೋಕೆ ಇಷ್ಟು ದೂರ ಬಂದ್ಯೇನೋ?’ ಎಂದು ಎಳೆದುಕೊಂಡು ಹೋದಳು.

ಬಾಗಿಲುಗಳು ಒಂದೇ ಅಳತೆಯವಲ್ಲ. ಮಂತ್ರವಾದಿ ಗ್ಯಾಂಡಾಲ್ಫ್ ನಿಲ್ಲುವ ಕಡೆ ಬಾಗಿಲು ಸಣ್ಣದು, ಅವನು ದೈತ್ಯನಾಗಿ ಕಾಣಲಿ ಎಂದು. ಹಾಬಿಟ್ ಪಾತ್ರಧಾರಿಗಳು ನಿಲ್ಲುವ ಕಡೆ ಬಾಗಿಲು ದೊಡ್ಡದು, ಅವರು ಕುಳ್ಳಗೆ ಕಾಣಲಿ ಎಂದು. ಬಹುತೇಕ ಬಾಗಿಲುಗಳ ಹಿಂದೆ ಮನೆಯಿಲ್ಲ. ತೆಗೆದರೆ ನಾಲ್ಕು ಹೆಜ್ಜೆ ಜಾಗ, ಮಣ್ಣಿನ ಗೋಡೆ, ಅಷ್ಟೆ. ಚಿತ್ರದಲ್ಲಿ ಕಾಣುವ ಒಳಮನೆಯನ್ನೆಲ್ಲ ಕಟ್ಟಿದ್ದು ದಕ್ಷಿಣದ ವೆಲ್ಲಿಂಗ್ಟನ್‌ನ ಸ್ಟುಡಿಯೋದಲ್ಲಿ. ಅಂದರೆ ಪಾತ್ರವೊಂದು ಇಲ್ಲಿ ಹೊಸಿಲು ದಾಟಿ ಐನೂರು ಕಿಲೋಮೀಟರ್ ಆಚೆ ಪಡಸಾಲೆಯಲ್ಲಿ ಕಾಲಿಡುತ್ತದೆ. 2023ರ ಕೊನೆಯಲ್ಲಿ ಪ್ರವಾಸಿಗರಿಗೆಂದೇ ಎರಡು ಬಿಲಗಳ ಒಳಗೂ ಅಡುಗೆಮನೆ, ಮಲಗುವ ಕೋಣೆ ಎಲ್ಲ ಮಾಡಿ ತೆರೆದಿದ್ದಾರೆ. ಮುಟ್ಟಬಹುದು, ಮಂಚದ ಮೇಲೆ ಕೂರಬಹುದು. ಚೆನ್ನಾಗಿದೆ, ಇಲ್ಲ ಎನ್ನಲಾರೆ. ಆದರೆ ಕ್ಯಾಮರಾಕ್ಕಾಗಿ ಮಾಡಿದ್ದಕ್ಕೂ ಸೆಲ್ಫಿಗಾಗಿ ಮಾಡಿದ್ದಕ್ಕೂ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ನನಗೆ ಖಾಲಿ ಬಾಗಿಲುಗಳೇ ಹಿಡಿಸಿದವು.

ಗುಡ್ಡದ ನೆತ್ತಿಯ ಓಕ್ ಮರದ ಕಥೆ ಇನ್ನೂ ಸೊಗಸು. ಮೊದಲ ಸಲ ಮಟಮಟದ ಹತ್ತಿರದ ಒಂದು ನಿಜವಾದ ಓಕ್ ಮರವನ್ನು ಕಡಿದು, ಕೊಂಬೆಕೊಂಬೆಗೂ ನಂಬರ್ ಬರೆದು ತಂದು, ಇಲ್ಲಿ ಬೋಲ್ಟು ಹಾಕಿ ಜೋಡಿಸಿದರು. ಕಡಿದ ಮರದಲ್ಲಿ ಎಲೆ ನಿಲ್ಲುತ್ತದೆಯೆ? ತೈವಾನ್‌ನಿಂದ ಕೃತಕ ಎಲೆ ತರಿಸಿ ಒಂದೊಂದನ್ನೂ ತಂತಿಯಲ್ಲಿ ಕಟ್ಟಿದರು. ಈಗಿರುವುದು ಆಮೇಲೆ ಬಂದ ‘ದಿ ಹಾಬಿಟ್’ ಚಿತ್ರಮಾಲಿಕೆಗೆ ಮಾಡಿದ ಪೂರಾ ಕೃತಕ ಮರ. ಹಣ್ಣಿನ ಮರಗಳದ್ದೂ ಒಂದು ಕಥೆ ಹೇಳಿದರು. ಸಿನಿಮಾಕ್ಕೆ ಆಧಾರವಾದ ಟೋಲ್ಕಿನ್ನರ ಪುಸ್ತಕದಲ್ಲಿ ಪ್ಲಮ್ ಮರದ ಕೆಳಗೆ ಮಕ್ಕಳು ಕೂರುತ್ತಾರೆ. ಇಲ್ಲಿ ಪ್ಲಮ್ ಮರ ಹಾಕಿದರೆ ಅಳತೆ ಹೊಂದುವುದಿಲ್ಲ. ಹಾಗಾಗಿ ಸೇಬು, ಪೇರ್ ಮರ ತಂದು, ಎಲೆ ಬಿಡಿಸಿ, ಪ್ಲಮ್ ಎಲೆ-ಹಣ್ಣು ಕಟ್ಟಿದರಂತೆ. ‘ಸಿನಿಮಾದಲ್ಲಿ ಆ ದೃಶ್ಯ ಎಲ್ಲಿದೆ?’ ಎಂದು ಕೇಳಿದೆ. ‘ನೀವು ಕಣ್ಣು ಮಿಟುಕಿಸದಿದ್ದರೆ ಕಾಣಬಹುದು’ ಎಂದಳು ಗೈಡ್.

ಇಷ್ಟೆಲ್ಲ ಮಾಡಿದ್ದು ಉಳಿಸಿಕೊಳ್ಳಲು ಅಲ್ಲ ಎನ್ನುವುದನ್ನು ಮರೆಯಬಾರದು. ಮೊದಲ ಸೆಟ್ಟು ಹಸಿಮರ, ಪ್ಲೈವುಡ್, ಥರ್ಮಕೋಲಿನದು. 1999ರ ಡಿಸೆಂಬರ್‌ನಿಂದ ಮೂರು ತಿಂಗಳು ಚಿತ್ರೀಕರಣ, ಆಮೇಲೆ ಕೆಡವುವುದು ಎಂದೇ ಮಾತಾಗಿತ್ತು. ಕೆಡವುತ್ತಿರುವಾಗ ಮಳೆ ಹಿಡಿದುಕೊಂಡು ಕೆಲಸ ನಿಂತಿತು. ಬೋಳು ಪ್ಲೈವುಡ್ಡಿನ 17 ಮುಖಗಳು ಹಾಗೇ ಉಳಿದವು. ಅವನ್ನು ನೋಡಲೇ ಜನ ಬರತೊಡಗಿದರು. 2002ರಲ್ಲಿ ಪ್ರವಾಸ ಶುರುವಾಯಿತು. 2009ರಿಂದ 2011ರವರೆಗೆ ಎರಡನೇ ಚಿತ್ರಮಾಲಿಕೆಗಾಗಿ ಮತ್ತೆ ಕಟ್ಟುವಾಗ ಗಟ್ಟಿ ಸಾಮಾನು ಹಾಕಿದರು. ಮಳೆ ಬರದಿದ್ದರೆ ಇಲ್ಲಿ ಕುರಿಗಳಷ್ಟೇ ಇರುತ್ತಿದ್ದವು.

ಸುತ್ತು ಮುಗಿಯುವುದು ಹುಲ್ಲು ಹೊದಿಸಿದ ಗ್ರೀನ್ ಡ್ರ್ಯಾಗನ್ ಎಂಬ ಹೋಟೆಲಿನಲ್ಲಿ. ಮಣ್ಣಿನ ಮಗ್ಗಿನಲ್ಲಿ ಭಾವನಿಗೆ ಬಿಯರು, ನಮಗೆಲ್ಲ ಜಿಂಜರ್ ಬಿಯರು. ಹೆಸರು ಕೇಳಿ ಅಕ್ಕನ ಅತ್ತೆ ಒಮ್ಮೆ ಗಾಬರಿಯಾಗಿದ್ದರಂತೆ. ಅದು ಬರೀ ಶುಂಠಿ ಶರಬತ್ತು. ಚಿತ್ರಾನ್ನವನ್ನು ಕಾರಿನ ಹತ್ತಿರ ಬಂದು ತಿಂದೆವು.

ಭಾನುವಾರ, ಟೊಂಗರಿರೊ

ಬೆಳಿಗ್ಗೆ ದಕ್ಷಿಣಕ್ಕೆ. ಟೌಪೊ ಸರೋವರದ ದಂಡೆಯಲ್ಲಿ ಕಾಫಿ, ಮಧ್ಯಾಹ್ನದ ಹೊತ್ತಿಗೆ ಟೊಂಗರಿರೊ ರಾಷ್ಟ್ರೀಯ ಉದ್ಯಾನ. ದೇಶದ ಮೊದಲ ರಾಷ್ಟ್ರೀಯ ಉದ್ಯಾನ ಇದು. 1887ರಲ್ಲಿ ಇಲ್ಲಿನ ಮೂಲನಿವಾಸಿ ಮಾವೊರಿಗಳ ಮುಖಂಡ ಹೊರೊನುಕು ತೆ ಹೆಉಹೆಉ ಈ ಶಿಖರಗಳನ್ನು ಸರ್ಕಾರಕ್ಕೆ ಒಪ್ಪಿಸಿದರು. ಸಿನಿಮಾದಲ್ಲಿ ಬೆಂಕಿ ಉಗುಳುವ ದುಷ್ಟ ಪರ್ವತವಾಗಿ ಕಂಡ ಗೌರುಹೊಯೆ ಇಲ್ಲಿದೆ. 2,287 ಮೀಟರ್, ಕೊರೆದಿಟ್ಟ ಶಂಕುವಿನಾಕಾರ. ಮಾವೊರಿಗಳಿಗೆ ಅದು ಪೂಜ್ಯ. ತುದಿ ಹತ್ತಬೇಡಿ ಎಂದು ಈಗ ಸಂದರ್ಶಕರನ್ನು ಕೇಳಿಕೊಳ್ಳುತ್ತಾರೆ. ಪವಿತ್ರ ಬೆಟ್ಟವನ್ನು ನರಕದ ಬಾಗಿಲಾಗಿ ತೋರಿಸಿದರಲ್ಲ ಎಂದು ನನಗೆ ಕಸಿವಿಸಿ. ಪುಟ್ಟಿಗೂ ಅದೇ ಅನಿಸಿತಂತೆ, ಆದರೂ ಹದಿನೈದು ಫೋಟೋ ತೆಗೆದಳು.

ರುವಪೆಹು ಬೆಟ್ಟದ ಸ್ಕೀ ಮೈದಾನದವರೆಗೆ ಕಾರು ಹೋಗುತ್ತದೆ. ಏಪ್ರಿಲ್ ಆದ್ದರಿಂದ ಹಿಮವಿಲ್ಲ. ಬರೀ ಕಪ್ಪು ಲಾವಾ ಕಲ್ಲು, ಹಲ್ಲು ಕಡಿಸುವ ಗಾಳಿ. ಇಲ್ಲಿ ಮೀಡ್ಸ್ ವಾಲ್ ಎಂಬ ಬಂಡೆಗೋಡೆಯ ಬಳಿ ಗಾಲಮ್ ಎಂಬ ವಿಕಾರ ಜೀವಿ ಸಿಕ್ಕಿಬೀಳುವ ದೃಶ್ಯ ತೆಗೆದರು. ಆ ಪಾತ್ರ ಮಾಡಿದ ಆ್ಯಂಡಿ ಸರ್ಕಿಸ್ ಮೈಗಂಟುವ ಉಡುಪಿನಲ್ಲಿ ಈ ಕಲ್ಲುಗಳ ಮೇಲೆ ತೆವಳಾಡಿದರು, ಆಮೇಲೆ ಕಂಪ್ಯೂಟರಿನವರು ಅವರನ್ನು ಅಳಿಸಿ ಆ ಜಾಗದಲ್ಲಿ ಗಾಲಮ್‌ನನ್ನು ಕೂರಿಸಿದರು. ಒಂದು ಕಲ್ಲಿನ ಮೇಲೆ ಅಂಗೈ ಊರಿ ನೋಡಿದೆ. ಉಪ್ಪುಕಾಗದ ಉಜ್ಜಿದಂತೆ. ಇಂಥ ಬೆಟ್ಟದ ಮೇಲಿನ ಸೂಕ್ಷ್ಮ ಸಸ್ಯಗಳು ನೂರಾರು ಜನರ ಬೂಟಿಗೆ ಸಿಕ್ಕಿ ಸಾಯದಿರಲೆಂದು ಚಿತ್ರತಂಡ ನೆಲಕ್ಕೆ ಕಾರ್ಪೆಟ್ ಹಾಸಿ ಕೆಲಸ ಮಾಡಿತ್ತು. ಕದನ ಮಾಡುವ ರಾಕ್ಷಸರ ಕಾಲ ಕೆಳಗೆ ಕಾರ್ಪೆಟ್!

ಸಂಜೆ ತಾವ್ಹಾಯ್ ಜಲಪಾತ. ಹದಿಮೂರು ಮೀಟರಿನದು, ಹತ್ತು ನಿಮಿಷದ ನಡಿಗೆ. ಜೋಗ ನೋಡಿದವರಿಗೆ ಅದನ್ನು ಜಲಪಾತ ಎನ್ನಲು ಸಂಕೋಚ.

ಸೋಮವಾರ, ಮರುಭೂಮಿಯ ರಸ್ತೆ

ಇಡೀ ದಿನ ಕಾರಿನಲ್ಲಿ, ಹೇಳುವಂಥದ್ದು ಕಡಿಮೆ. ಒಂದು ವಿಷಯ ಬಿಟ್ಟು. ವೈಯೂರು ಕಡೆ ಹೋಗುವ ಹೆದ್ದಾರಿಯ ಪಕ್ಕ ರಂಗಿಪೊ ಎಂಬ ಬಂಜರು ಬಯಲು. ಸೇನೆಯ ತರಬೇತಿ ಜಾಗ. ಕೊನೆಯ ಚಿತ್ರದ ಕಪ್ಪು ಹೆಬ್ಬಾಗಿಲ ಮುಂದಿನ ಕದನವನ್ನು ಇಲ್ಲಿ ತೆಗೆದರು. ನೆಲದಲ್ಲಿ ಸಿಡಿಯದೆ ಉಳಿದ ಹಳೇ ಮದ್ದುಗುಂಡು ಇರುವ ಸಂಭವವಿದ್ದುದರಿಂದ ಸೇನೆಯವರು ಮೊದಲು ಹುಡುಕಿ ಜಾಗ ಗುರುತು ಮಾಡಿಕೊಟ್ಟರು, ಆಮೇಲೆ ಅದೇ ಸೈನಿಕರು ವೇಷ ತೊಟ್ಟು ಪಡೆಯಾಗಿ ನಿಂತರು.

ದಾರಿಯಲ್ಲಿ ಭಾವ 2010ರ ಗಲಾಟೆ ತೆಗೆದರು. ‘ದಿ ಹಾಬಿಟ್’ ಶುರುವಾಗುವ ಮೊದಲು ನಟರ ಸಂಘಗಳು ಸಾಮೂಹಿಕ ಒಪ್ಪಂದ ಬೇಕೆಂದು ಪಟ್ಟು ಹಿಡಿದವು. ಚಿತ್ರವೇ ಬೇರೆ ದೇಶಕ್ಕೆ ಹೋಗಿಬಿಡುತ್ತದೆ ಎಂಬ ಭಯ ಹಬ್ಬಿತು. ಜನ ಸಿನಿಮಾ ಉಳಿಸಿ ಎಂದು ಮೆರವಣಿಗೆ ಮಾಡಿದರು. ಆ ಅಕ್ಟೋಬರಿನಲ್ಲಿ ಸಂಸತ್ತು ತುರ್ತಾಗಿ ಕಾನೂನನ್ನೇ ತಿದ್ದಿತು: ಸಿನಿಮಾ ಕೆಲಸದವರು ನೌಕರರಲ್ಲ, ಗುತ್ತಿಗೆಯವರು. ಸ್ಟುಡಿಯೋಕ್ಕೆ ತೆರಿಗೆ ರಿಯಾಯಿತಿಯೂ ಹೆಚ್ಚಾಯಿತು. ಒಟ್ಟಾಗಿ ಚೌಕಾಸಿ ಮಾಡುವ ಹಕ್ಕು ಅವರಿಗೆ ಮರಳಿ ಸಿಕ್ಕಿದ್ದು 2022ರ ಕಾನೂನಿನಿಂದ.

‘ನೀವು ಯಾವ ಕಡೆ ಇದ್ರಿ ಭಾವ?’ ಎಂದೆ.

‘ಆಗ ಸಿನಿಮಾ ಇಲ್ಲೇ ಆಗಲಿ ಅಂತಿದ್ದೆ ಕಣೋ. ಈಗ ಯೋಚನೆ ಮಾಡಿದ್ರೆ, ಎಲೆ ಕಟ್ಟೋನಿಗೆ ರಜೆ ಇರ್ತಿತ್ತೋ ಇಲ್ವೋ.’

ಎಲೆ ಕಟ್ಟಿದವರ ಬಗ್ಗೆ ನಾನು ಶನಿವಾರದಿಂದಲೂ ಯೋಚಿಸುತ್ತಿದ್ದೆ.

ಮಂಗಳವಾರ, ಮಿರಮಾರ್

ವೆಲ್ಲಿಂಗ್ಟನ್ನಿನ ವಿಮಾನ ನಿಲ್ದಾಣದ ಪಕ್ಕದಲ್ಲೇ ಮಿರಮಾರ್ ಎಂಬ ಬಡಾವಣೆ. ಶೀಟಿನ ಗೋದಾಮುಗಳು, ಸಣ್ಣ ಮನೆಗಳು, ಬೇಕರಿ. ಇಲ್ಲಿ ಇಂಥದ್ದೊಂದು ಕೆಲಸ ನಡೆದಿದೆ ಎಂದು ಹೊರಗಿನಿಂದ ಗೊತ್ತೇ ಆಗುವುದಿಲ್ಲ, ಅಂಗಡಿ ಮುಂದೆ ನಿಂತ ದೈತ್ಯ ಟ್ರೋಲ್ ಬೊಂಬೆಗಳನ್ನು ಬಿಟ್ಟರೆ. 1987ರಲ್ಲಿ ರಿಚರ್ಡ್ ಟೇಲರ್ ಮತ್ತು ತಾನಿಯಾ ರಾಡ್ಜರ್ ದಂಪತಿ ಶುರುಮಾಡಿದ ವೆಟಾ ವರ್ಕ್‌ಶಾಪ್ ಇದು. ಕತ್ತಿ, ಕವಚ, ಮುಖವಾಡ, ಮಾದರಿ ಊರುಗಳು ಎಲ್ಲ ಇಲ್ಲೇ ಆದವು. ಈ ಪ್ರವಾಸದಲ್ಲಿ ನನಗೆ ಬೇಕಾಗಿದ್ದೇ ಈ ದಿನ.

ನಮ್ಮನ್ನು ಒಳಗೆ ಕರೆದೊಯ್ದವನು ತಾನೇ ಅಚ್ಚು ಹಾಕುವ ಕೆಲಸ ಮಾಡುತ್ತಿದ್ದವನು, ಉಗುರಿನ ಸಂದಿಯಲ್ಲಿ ಇನ್ನೂ ಬಿಳಿ ಪುಡಿ. ಮೊದಲು ಕೈಗೆ ಕೊಟ್ಟದ್ದು ಹಾಬಿಟ್ ಕಾಲು. ಲೇಟೆಕ್ಸ್ ನೊರೆಯನ್ನು ಅಚ್ಚಿಗೆ ಸುರಿದು ಒಲೆಯಲ್ಲಿ ಬೇಯಿಸಿದ್ದು. ಮೊಣಕಾಲಿನ ಕೆಳಗಿನವರೆಗೆ ಬರುವ ಬೂಟಿನಂತೆ. ತೂಕವೇ ಇಲ್ಲ. ಒತ್ತಿದರೆ ಚರ್ಮದ ಹಾಗೆ ಒಳಹೋಗಿ ಮೆಲ್ಲಗೆ ಮೇಲೆ ಬರುತ್ತದೆ. ಹೆಬ್ಬೆರಳಿನ ಮೇಲೆ ಸುರುಳಿ ಕೂದಲು, ಹಿಮ್ಮಡಿಯಲ್ಲಿ ಒಡಕು, ಉಗುರಿನ ಬುಡದಲ್ಲಿ ಕೊಳೆ. ಬೆಳಗಿನ ಜಾವ ಎದ್ದು ಬಂದ ನಟರು ಒಂದೂವರೆ ಗಂಟೆ ನಿಂತೇ ಇರಬೇಕು, ಆಗ ಇದನ್ನು ಕಾಲಿಗೆ ಅಂಟಿಸುತ್ತಾರೆ. ಸಂಜೆ ಬಿಚ್ಚಿದರೆ ಹರಿದುಹೋಗುತ್ತದೆ, ಮತ್ತೆ ಬಾರದು. ಹೀಗೆ 1,800ಕ್ಕೂ ಹೆಚ್ಚು ಜೊತೆ ಕಾಲು ಮಾಡಿದರು. ಚಿತ್ರದಲ್ಲಿ ಪಾದ ಕಾಣುವ ದೃಶ್ಯ ಎಷ್ಟಿವೆ ಹೇಳಿ?

ಆಮೇಲೆ ಸರಪಳಿ ಅಂಗಿ. ಲೋಹದ್ದಾದರೆ ನಟ ದಿನವಿಡೀ ಹೊರಲಾರ. ಆದ್ದರಿಂದ ಪ್ಲಾಸ್ಟಿಕ್ ಪೈಪನ್ನು ಬಳೆಬಳೆಯಾಗಿ ಕತ್ತರಿಸಿ, ಒಂದರೊಳಗೊಂದು ಕೈಯಲ್ಲಿ ಹೆಣೆದು, ಮೇಲೆ ಲೋಹದ ಲೇಪ ಕೊಟ್ಟರು. ಸುಮಾರು 1 ಕೋಟಿ 25 ಲಕ್ಷ ಉಂಗುರಗಳು. ಹೆಣೆದವರ ಬೆರಳಚ್ಚು ಸವೆದುಹೋಯಿತು ಎನ್ನುತ್ತಾರೆ. ಕತ್ತಿಗಳಲ್ಲೂ ಜಾತಿ ಉಂಟು. ಹತ್ತಿರದ ಶಾಟಿಗೆ ಕಮ್ಮಾರ ಪೀಟರ್ ಲಯಾನ್ ಬಡಿದ ನಿಜವಾದ ಉಕ್ಕಿನ ಕತ್ತಿ, ಹೊಡೆದಾಟಕ್ಕೆ ಹಗುರದ್ದು, ಬೀಳುವವರಿಗೆ ರಬ್ಬರಿನದು. ಮೂರನ್ನೂ ಮೇಜಿನ ಮೇಲಿಟ್ಟು ಯಾವುದು ಯಾವುದು ಹೇಳಿ ಎಂದ. ಎತ್ತಿ ನೋಡುವವರೆಗೆ ನನಗೆ ತಿಳಿಯಲಿಲ್ಲ.

ರಾಜ ಥಿಯೊಡೆನ್ ಪಾತ್ರ ಮಾಡಿದ ಬರ್ನಾರ್ಡ್ ಹಿಲ್ ಒಂದು ಸಂಗತಿಯನ್ನು ಹೇಳುತ್ತಿದ್ದರು. ಅವರ ಎದೆಕವಚದ ಒಳಮೈಯಲ್ಲೂ ಚಿತ್ತಾರ ಮೂಡಿಸಿದ್ದರಂತೆ. ಒಳಮೈ ಅಂದರೆ ನಟನ ಎದೆಗೆ ತಾಗುವ ಕಡೆ. ಕ್ಯಾಮರಾ ಯಾವ ಜನ್ಮದಲ್ಲೂ ಹೋಗದ ಜಾಗ. ನಮ್ಮ ತಂಡದಲ್ಲಾದರೆ ಮುಂದಿನ ಸಾಲಿನಿಂದಾಚೆಗೆ ಕಾಣದ ಯಾವುದಕ್ಕೂ ಬಣ್ಣ ಹಾಕುವುದಿಲ್ಲ. ಸಿಂಹಾಸನದ ಹಿಂದೆ ಬಂದು ನಿಂತರೆ ‘ಬಾಳೆಹಣ್ಣು, ಮಂಡಿ ಮೊಹಲ್ಲಾ’ ಎಂದು ಮುದ್ರೆ ಕಾಣುತ್ತದೆ. ಅದು ಜಿಪುಣತನವಲ್ಲ, ಬಜೆಟ್ಟು. ಹಾಗೆಂದು ಸಮಾಧಾನ ಹೇಳಿಕೊಂಡೆ. ಆದರೆ ಆ ಕವಚ ತೊಟ್ಟಾಗ ತಾನು ರಾಜ ಎಂಬುದು ಆ ನಟನ ಮೈಗೆ ಗೊತ್ತಾಗಿರಬೇಕು, ಇದು ಬಜೆಟ್ಟಿನ ಮಾತಲ್ಲ.

ಅಳತೆಯ ಆಟಕ್ಕೆ ಬೇಕೆಂದು ಬೇಕಾದಷ್ಟು ವಸ್ತುಗಳನ್ನು ಎರಡು ಗಾತ್ರದಲ್ಲಿ ಮಾಡಿದ್ದಾರೆ. ಒಂದೇ ಲೋಟ ದೊಡ್ಡದು, ಚಿಕ್ಕದು. ಬಿಲದ ಮನೆಯ ಒಳಭಾಗವೂ ಎರಡು. ಗಾಡಿಯ ಮೇಲೆ ಗ್ಯಾಂಡಾಲ್ಫ್ ಮತ್ತು ಕಥಾನಾಯಕನಾದ ಹಾಬಿಟ್ ಫ್ರೋಡೊ ಅಕ್ಕಪಕ್ಕ ಕೂತಿರುವಂತೆ ಕಾಣುವ ದೃಶ್ಯದಲ್ಲಿ ಫ್ರೋಡೊ ನಿಜಕ್ಕೂ ಹಿಂದೆ, ದೂರ ಕೂತಿದ್ದಾನೆ. ಗಾಡಿಯನ್ನೇ ಹಾಗೆ ಕಟ್ಟಿದ್ದರು. ದೂರದ ಶಾಟುಗಳಲ್ಲಿ ಹಾಬಿಟ್‌ಗಳಿಗೆ ಬದಲಿಯಾಗಿ ಕಿರಣ್ ಶಾ ಎಂಬ ಸಾಹಸ ಕಲಾವಿದ ಇದ್ದರು. ಭಾರತೀಯ ಮೂಲದವರು, ನೈರೋಬಿಯಲ್ಲಿ ಹುಟ್ಟಿದವರು, ಎತ್ತರ ನಾಲ್ಕಡಿ ಚಿಲ್ಲರೆ. ಫ್ರೋಡೊನ ಮುಖವಾಡ ತೊಟ್ಟು ಬೆಟ್ಟ ಹತ್ತಿದ್ದು, ಬಿದ್ದಿದ್ದು ಅವರು. ‘ಹಾಗಾದ್ರೆ ಫ್ರೋಡೊ ನಮ್ಮೋನೇ ಅನ್ನು’ ಎಂದಳು ಅಕ್ಕ. ಪುಟ್ಟಿಗೆ ಈ ವಿಷಯ ಗೊತ್ತಿರಲಿಲ್ಲ. ಸ್ವಲ್ಪ ಮುಖ ಸಣ್ಣದಾಯಿತು.

ಕೋಟೆ, ಪಟ್ಟಣಗಳಿಗೆ ಮಾದರಿ ಕಟ್ಟಿದರು. ಮಿನಾಸ್ ಟಿರಿತ್ ಎಂಬ ಬಿಳಿ ನಗರದ ಮಾದರಿ 72ಕ್ಕೆ ಒಂದರ ಅಳತೆಯಲ್ಲೂ ಸುಮಾರು 7 ಮೀಟರ್ ಎತ್ತರ. ಇಷ್ಟು ದೊಡ್ಡ ಬೊಂಬೆಯನ್ನು ಮಿನಿಯೇಚರ್ ಎನ್ನಲು ಮನಸ್ಸು ಬಾರದೆ ಅವರು ಬಿಗೇಚರ್ ಎಂದರು. ಇಡೀ ಕಥೆ ಸುತ್ತುವ ಆ ಮಾಯಾ ಉಂಗುರವೂ ಹಾಗೆಯೇ. ನೆಲ್ಸನ್ ಊರಿನ ಅಕ್ಕಸಾಲಿ ಯೆನ್ಸ್ ಹ್ಯಾನ್ಸನ್ ಅಂಗಡಿಯಲ್ಲಿ ಹಲವು ಗಾತ್ರದಲ್ಲಿ ಮಾಡಿಸಿದರು. ತೀರ ಹತ್ತಿರದಿಂದ ತೋರಿಸಲು ಮಾಡಿದ್ದು ಎಷ್ಟು ದೊಡ್ಡದೆಂದರೆ ತೋಳಿಗೆ ವಂಕಿಯಾಗಿ ಹಾಕಿದರೂ ಜಾರಿಬೀಳುತ್ತದೆ.

ಹೊರಗೆ ಬಂದರೆ ತಲೆಯ ಮೇಲೆಯೇ ವಿಮಾನ. ಮಾತು ನಿಲ್ಲಿಸಿ ಕಾಯಬೇಕಾಯಿತು. ಹತ್ತಿರದ ಸ್ಟೋನ್ ಸ್ಟ್ರೀಟ್ ಸ್ಟುಡಿಯೋ ಹಿಂದೆ ಪೇಂಟ್ ಕಾರ್ಖಾನೆಯಾಗಿತ್ತು. ಶಬ್ದ ತಡೆಯುವ ಗೋಡೆಯಿರಲಿಲ್ಲ. ಹಾಗಾಗಿ ಅಲ್ಲಿ ಆಡಿದ ಸಂಭಾಷಣೆಯ ಬಹುಪಾಲನ್ನು ಆಮೇಲೆ ಡಬ್ ಮಾಡಿದರು.

ಬುಧವಾರ, ವೆಲ್ಲಿಂಗ್ಟನ್

ಬೆಳಿಗ್ಗೆ ಮೌಂಟ್ ವಿಕ್ಟೋರಿಯಾ. ಊರ ನಡುವಿನ ಗುಡ್ಡ, ಜನ ನಾಯಿ ಕರೆದುಕೊಂಡು ವಾಕಿಂಗ್ ಬರುತ್ತಾರೆ. 1999ರ ಅಕ್ಟೋಬರ್ 11ರಂದು ಮೂರೂ ಚಿತ್ರಗಳ ಮೊದಲ ಶಾಟ್ ತೆಗೆದದ್ದು ಇಲ್ಲಿನ ಪೈನ್ ಮರಗಳ ಕೆಳಗೆ: ಕಪ್ಪು ಸವಾರ ಬರುತ್ತಾನೆಂದು ಹಾಬಿಟ್‌ಗಳು ಬೇರಿನ ಅಡಿಯಲ್ಲಿ ಅವಿತುಕೊಳ್ಳುವುದು. ಆ ಬೇರೂ ಸೆಟ್ಟೇ. ಈಗಿಲ್ಲ. ಆದರೂ ಒಂದಷ್ಟು ಜನ ತಗ್ಗಿನಲ್ಲಿ ಕುಕ್ಕರಗಾಲಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಪುಟ್ಟಿಯೂ ಕೂತಳು, ಅಕ್ಕನನ್ನೂ ಕೂರಿಸಿದಳು. ಏಳುವಾಗ ಅಕ್ಕನ ಮಂಡಿ ಕಟಕಟ.

ಎರಡನೇ ಚಿತ್ರದ ಹೆಲ್ಮ್ಸ್ ಡೀಪ್ ಕೋಟೆ ಕಟ್ಟಿದ್ದ ಕಲ್ಲುಗಣಿ ಊರಾಚೆ ಹೆದ್ದಾರಿಯ ಪಕ್ಕದಲ್ಲಿದೆ. ತಿಂಗಳುಗಟ್ಟಲೆ ರಾತ್ರಿಯೆಲ್ಲ ಕೃತಕ ಮಳೆ ಸುರಿಸಿ ಯುದ್ಧ ತೆಗೆದ ಜಾಗ. ಬದುಕಿ ಉಳಿದೆವೆಂದು ತಂಡದವರು ಟೀಶರ್ಟ್ ಮಾಡಿಸಿಕೊಂಡಿದ್ದರು. ಈಗ ಲಾರಿಗಳು ಜಲ್ಲಿ ತುಂಬಿಕೊಂಡು ಹೋಗುತ್ತಿವೆ. ಕಾರು ನಿಲ್ಲಿಸಲೂ ಜಾಗವಿಲ್ಲ. ಚಿತ್ರೀಕರಣ ನಡೆದ ಇನ್ನೊಂದು ಜಾಗ, ಕಾಯ್ಟೊಕೆ ಕಾಡಿಗೆ ಹೋಗುವುದೆಂದು ಹೊರಟವರು ಮಳೆ ನೋಡಿ ವಾಪಸಾದೆವು.

ಬಂದರಿನ ಕಡೆ ಬರುವಾಗ ದೊಡ್ಡ ಕ್ರೀಡಾಂಗಣ ಕಂಡಿತು. ಪುಟ್ಟಿ ಶುರುಮಾಡಿದಳು: ‘ಮಾಮ, ಎರಡನೇ ಚಿತ್ರದಲ್ಲಿ ಹತ್ತು ಸಾವಿರ ರಾಕ್ಷಸರು ಕೂಗೋ ಸದ್ದು ಬೇಕಿತ್ತಂತೆ. 2002ರಲ್ಲಿ ಇಲ್ಲಿ ನ್ಯೂಜಿಲೆಂಡ್-ಇಂಗ್ಲೆಂಡ್ ಒನ್‌ಡೇ ಮ್ಯಾಚು. ಮಧ್ಯೆ ಬಿಡುವಿದ್ದಾಗ ಪೀಟರ್ ಜ್ಯಾಕ್ಸನ್ ಮೈದಾನಕ್ಕೆ ಬಂದು, ದೊಡ್ಡ ಸ್ಕ್ರೀನಲ್ಲಿ ರಾಕ್ಷಸ ಭಾಷೆ ಮಾತು ತೋರಿಸಿ, ಇಪ್ಪತ್ತೈದು ಸಾವಿರ ಜನರ ಹತ್ರ ಕೂಗಿಸಿ, ಎದೆ ಬಡಿಸಿ ರೆಕಾರ್ಡ್ ಮಾಡ್ಕೊಂಡ್ರು!’

ಭಾವ ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿ ಹಿಂದಕ್ಕೆ ತಿರುಗಿದರು. ‘ಅದಾ? ಅದರಲ್ಲಿ ನಾನೂ ಇದ್ದೆ.’

‘ಏನು?’

‘ಇಲ್ಲಿಗೆ ಬಂದ ಹೊಸದು. ಆಫೀಸಿನವರು ಟಿಕೆಟ್ ಕೊಟ್ಟಿದ್ರು. ದಪ್ಪಗಿರೋ ಗಡ್ಡದವನೊಬ್ಬ ಬಂದು ಏನೋ ಕೂಗಿ ಅಂದ, ಕೂಗಿದ್ವಿ. ಟೀಮ್ ಹುರಿದುಂಬಿಸೋಕೆ ಅಂದ್ಕೊಂಡಿದ್ದೆ. ಅದ್ಯಾವ ಸಿನಿಮಾ ಅಂತ ಯಾರಿಗೆ ಗೊತ್ತಿತ್ತು?’

ಪುಟ್ಟಿ ಐದು ನಿಮಿಷ ಅಪ್ಪನ ಮೇಲೆ ಕೂಗಾಡಿದಳು, ಹುಟ್ಟಿದಾಗಿನಿಂದ ಇದನ್ನು ಮುಚ್ಚಿಟ್ಟಿದ್ದಕ್ಕೆ. ಆಮೇಲೆ ಫೋನಿನಲ್ಲಿ ಆ ದೃಶ್ಯ ಹಾಕಿ, ಕಿವಿಗೆ ಒತ್ತಿ ಹಿಡಿದು, ಮತ್ತೆ ಮತ್ತೆ ಕೇಳಿದಳು. ಅಪ್ಪನ ಧ್ವನಿ ಬೇರೆ ಮಾಡಿ ಹಿಡಿಯಬಹುದೇ ಎಂದು.

‘ಅದಕ್ಯಾಕೆ ಸಿನಿಮಾ?’ ಎಂದಳು ಅಕ್ಕ, ‘ಸೋಮವಾರ ಬೆಳಿಗ್ಗೆ ಕಾರಿನ ಕೀ ಸಿಗದೆ ಇದ್ದಾಗ ಅಡುಗೆಮನೇಲಿ ನಿಂತ್ಕೊಂಡು ಕೇಳು.’